ಉಡಿ ತುಂಬಲು ಐದು ಬಟಾಣಿ

ನೀವು ನಡುನಡುವೆ ಹೂಂ ಅನ್ನುವುದಾದರೆ ಹೇಳುತ್ತೇನೆ, ಕೇಳಿ. ಒಂದೂರಲ್ಲಿ ಹಾಲವ್ವ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಗುಡ್ಡಪ್ಪ. ಆಳು ಆರಡಿ, ಮೀಸೆ ಬಂದಿದೆ, ಬುದ್ಧಿ ಮಾತ್ರ ಬಂದಿಲ್ಲ. ಹೇಳಿದ ಮಾತು ಕೇಳುತ್ತಿರಲಿಲ್ಲ ಅಂತಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಹಾಲವ್ವನಿಗೆ ಹೆದರಿಕೆ ಇದ್ದದ್ದೇ ಅದಕ್ಕೆ.

ತಾಯಿಮಗ ಇದ್ದದ್ದು ನೀಲಗಂಗವ್ವನವರ ಮನೆಯ ಹಿಂದಿನ ಕೋಣೆಯಲ್ಲಿ. ದೀಪಾವಳಿ ಮುಗಿಯುತ್ತಲೇ ನೀಲಗಂಗವ್ವ ಒಂದು ಬೊಗಸೆ ಒಣ ಬಟಾಣಿ ತಂದು ಹಾಲವ್ವನ ಸೆರಗಿಗೆ ಸುರಿದರು.

"ನಮ್ಮ ತವರಿನ ಬೀಜ ಇದು. ನನ್ನ ಮದುವ್ಯಾಗ ನಮ್ಮವ್ವ ಉಡಿಗೆ ಹಾಕಿದ್ದು. ವರ್ಷಾ ಬೆಳಕೋತ ಬಂದು ಇಷ್ಟ ಉಳದೈತಿ. ಶಿವರಾತ್ರಿ ಆದಮ್ಯಾಲ ನನ್ನ ಮಗಳ ಮದುವಿ, ಅಕೀ ಉಡಿಗೆ ಹೊಸಾ ಬೀಜ ಬೇಕು. ಹಿತ್ತಲಕ್ಕೆಲ್ಲಾ ಫರಸಿ ಕಲ್ಲು ಹಾಕಿಸೇನಿ, ನೀನು ಮಾಳಿಗಿ ಮ್ಯಾಲ ಡಬ್ಬದಾಗ ಬೆಳಿ. ಬೀಜ ಬರಲಿಲ್ಲಂದ್ರ ಕೋಣಿ ಖಾಲಿ ಮಾಡು!"

ಹಾಲವ್ವನಿಗೆ ಮೊಣಕಾಲು ನೋವು, ಏಣಿ ಹತ್ತಲಾರಳು. ಹತ್ತಬೇಕಾದವನು ಗುಡ್ಡಪ್ಪ! ಅವಳು ಕಾಳನ್ನು ಮೂರು ಪಾಲು ಮಾಡಿ ಒಂದೇ ಪಾಲು ಅವನ ಕೈಗೆ ಕೊಟ್ಟಳು.

"ಒಂದು ರಾತ್ರಿ ನೆನಸು. ಡಬ್ಬಕ್ಕ ಮಣ್ಣು ಗೊಬ್ಬರ ತುಂಬು. ಬೆರಳಿನ ಎರಡು ಗೆಣ್ಣು ಆಳಕ್ಕ ಊರು. ದಿನಾ ನೀರು ಹಾಕು!"

"ಆತು ಬಿಡವ್ವಾ!"

ನೆನಸಿದ, ತುಂಬಿದ, ಊರಿದ, ದಿನಾ ನೀರು ಹಾಕಿದ. ಪೇಂಟು ಖಾಲಿಯಾದ ಹಳೇ ಡಬ್ಬಗಳು, ತಳ ಗಟ್ಟಿ. ನೀರು ನಿಂತಿತು, ಕಾಳು ಕೊಳೆಯಿತು, ನಾತ ಕೆಳಗಿನ ತನಕ ಬಂತು.

"ಅಯ್ಯೋ ಹುಚ್ಚಪ್ಪಾ! ತುಂಬೂಕಿಂತ ಮೊದಲ ತಳಕ್ಕ ತೂತು ಹೊಡೀಬೇಕೋ!"

"ಆತು ಬಿಡವ್ವಾ, ಇನ್ನ ಹಂಗ ಮಾಡ್ತೀನಿ!"

ಅವತ್ತೇ ಸಂಜೆ ನೀಲಗಂಗವ್ವ ತಮ್ಮ ಹಿತ್ತಾಳೆ ತಂಬಿಗೆ ಕೊಟ್ಟು ಹಾಲು ತರಲು ಕಳಿಸಿದರು. ತುಂಬುವುದಕ್ಕಿಂತ ಮೊದಲು ಗುಡ್ಡಪ್ಪ ತಳಕ್ಕೆ ಮೊಳೆ ಇಟ್ಟು ಐದು ತೂತು ಹೊಡೆದ! ಮನೆಗೆ ಬಂದದ್ದು ಬರೀ ತಂಬಿಗೆ. ಹಾಲೆಲ್ಲ ಓಣಿ ಪಾಲು.

"ಹಾಲವ್ವಾ, ಇವನ್ನ ಇಟ್ಕೊಂಡು ನೀ ನನ್ನ ಬೀಜಾ ಬೆಳೀತೀ?" ಅಂದರು ನೀಲಗಂಗವ್ವ. ಕೂಗಲಿಲ್ಲ, ಮೆತ್ತಗೆ ಅಂದರು. ಕೂಗಿದ್ದರೆ ಹಾಲವ್ವನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಅಯ್ಯೋ ಹುಚ್ಚಪ್ಪಾ! ಒಂದು ಹನಿ ಚೆಲ್ಲದಂಗ ಬಾಯಿಗೆ ಬಟ್ಟಿ ಬಿಗದು ಕಟ್ಟಿ ತರಬೇಕೋ!"

"ಆತು ಬಿಡವ್ವಾ, ಇನ್ನ ಹಂಗ ಮಾಡ್ತೀನಿ!"

ಎರಡನೇ ಪಾಲು ಊರಿದರು. ಈ ಸಲ ಡಬ್ಬಕ್ಕೆ ತೂತಿತ್ತು, ಮೊಳಕೆ ಬಂತು. "ಬಂತವ್ವಾ!" ಅಂತ ಮೇಲಿಂದ ಕೂಗಿದ. ಹಾಲವ್ವ ಕೈ ಮುಗಿದಳು. ಎಂಟು ದಿನ ಬಿಟ್ಟು ಕೇಳಿದರೆ, ಡಬ್ಬದ ಬಾಯಿಗೆಲ್ಲ ಬಟ್ಟೆ ಬಿಗಿದು ಕಟ್ಟಿದ್ದಾನೆ, ಒಂದು ಎಲೆಯೂ ಚೆಲ್ಲಬಾರದಂತೆ! ಒಳಗೆ ಸಸಿಗಳು ಬಿಳುಚಿಕೊಂಡು ಸತ್ತಿದ್ದವು.

ಹಾಲವ್ವನಿಗೆ ಅಳು ಬಂತು. ಈ ಕೋಣೆಯೂ ಹೋದರೆ ಇವನನ್ನು ಕಟ್ಟಿಕೊಂಡು ಯಾರ ಬಾಗಿಲಿಗೆ ಹೋಗುವುದು? ತಾನು ಸತ್ತ ಮೇಲೆ ಇವನಿಗೆ ಯಾರು?

"ಅಯ್ಯೋ ಹುಚ್ಚಪ್ಪಾ! ಅದಕ್ಕ ಬಿಸಲು ಬೇಕು, ಗಾಳಿ ಬೇಕು! ಬಾಗಿದ್ದು ಕಂಡ್ರ ಪಕ್ಕಕ್ಕೊಂದು ಕೋಲು ನಿಲ್ಲಿಸಿ ಮೆತ್ತಗ ದಾರಾ ಕಟ್ಟಬೇಕೋ!"

"ಆತು ಬಿಡವ್ವಾ, ಇನ್ನ ಹಂಗ ಮಾಡ್ತೀನಿ!"

ಕೊನೇ ಪಾಲು ಮಣ್ಣಿಗೆ ಬಿತ್ತು. ಚಿಗುರಿತು, ಬಳ್ಳಿ ಹರಿಯಿತು, ಕೋಲು ಹಿಡಿಯಿತು, ಬಿಳೀ ಹೂ ಬಿಟ್ಟಿತು. ಹಾಲವ್ವ ಇನ್ನೇನು ಉಸಿರು ಬಿಡಬೇಕು, ಅಂಗಳದಲ್ಲಿ "ಸತ್ತೆನೋ!" ಅಂತ ಕೂಗು. ನೀಲಗಂಗವ್ವನ ಮಾವ, ತೊಂಬತ್ತರ ಮುದುಕ, ಬೆನ್ನು ಬಾಗಿದವರು. ಅವರನ್ನು ಗುಡ್ಡಪ್ಪ ಬಿದಿರ ಗಳಕ್ಕೆ ಆನಿಸಿ, ನೆಟ್ಟಗೆ ನಿಲ್ಲಿಸಿ, ಎರಡು ಕಡೆ ಮೆತ್ತಗೆ ದಾರ ಕಟ್ಟಿದ್ದ! ಮೇಲೆ ಒಂದು ಚೊಂಬು ನೀರು ಬೇರೆ ಹಾಕಿದ್ದ.

ನೀಲಗಂಗವ್ವ ದಾರ ಹರಿದರು. "ಬೀಜ ಕೈಗೆ ಬರೂತನಕ ತಡೀತೀನಿ. ಬರಲಿಲ್ಲ, ಆವತ್ತ ಹೊರಗ!"

"ಅಯ್ಯೋ ಹುಚ್ಚಪ್ಪಾ! ಯಾರ ಮೈನೂ ಮುಟ್ಟಬ್ಯಾಡ! ಯಾರರೆ ಬಂದ್ರ ಕೈ ಕಟ್ಟಿ ದೂರ ನಿಂದ್ರು!"

"ಆತು ಬಿಡವ್ವಾ, ಇನ್ನ ಹಂಗ ಮಾಡ್ತೀನಿ!"

ಕಾಯಿ ತುಂಬಿದವು. ಗಿಳಿ ಬಂದವು. ಗುಡ್ಡಪ್ಪ ಕೈ ಕಟ್ಟಿ ದೂರ ನಿಂತ. ಗಿಳಿಗಳು ಸುಲಿದವು, ತಿಂದವು, ಮತ್ತೆ ಸುಲಿದವು. ಕೆಳಗೆ ಹಾಲವ್ವ ರೆಕ್ಕೆ ಸದ್ದು ಕೇಳಿ "ಹೊಡಿಯೋ! ಓಡಸೋ!" ಅಂತ ಏಣಿ ಹಿಡಿದು ಒದರಿದಳು. ಅವನು ಕೈ ಬಿಚ್ಚುವಷ್ಟರಲ್ಲಿ ಎಲೆಯ ಮರೆಯ ಒಂದೇ ಒಂದು ಕಾಯಿ ಉಳಿದಿತ್ತು.

ಅದು ಒಣಗುವ ತನಕ ಹಾಲವ್ವ ನೆಟ್ಟಗೆ ಊಟ ಮಾಡಲಿಲ್ಲ. ಒಣಗಿತು. ಬಿಡಿಸಿದರೆ ಒಳಗೆ ಐದು ಕಾಳು. "ಐದಾದ್ರೂ ಸಾಕು, ಶಾಸ್ತ್ರಕ್ಕ ಆತು," ಅಂದರು ನೀಲಗಂಗವ್ವ. ಹಾಲವ್ವ ಅವತ್ತು ಹೊಟ್ಟೆ ತುಂಬ ಉಂಡಳು. ಮದುವೆಯ ಬೆಳಗ್ಗೆ ಅಡುಗೆ ಕೆಲಸಕ್ಕೆ ಹೋಗುವ ಮುಂಚೆ ಮಗನ ಕೈಯಲ್ಲಿ ಕಾಳಿಟ್ಟು, ಅವನ ಗಲ್ಲ ಹಿಡಿದು ಹೇಳಿದಳು:

"ನಮ್ಮ ಜೀವಾ ಇದರಾಗ ಐತಿ. ಇಲಿಗೆ ಸಿಗಬಾರದು, ಗಿಳಿಗೆ ಸಿಗಬಾರದು. ಯಾರ ಕೈಗೂ ಸಿಗದಂಥಾ ಜಾಗಾದಾಗ ಇಡು. ಉಡಿ ತುಂಬೂಮುಂದ ತಂದು ಹಾಕು!"

"ಆತು ಬಿಡವ್ವಾ!"

ಕೊರಳಿಗೆ ತಾಳಿ ಬಿತ್ತು. ಮದುಮಗಳು ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಅಕ್ಕಿ ಹಾಕಿದರು, ಕೊಬ್ಬರಿ ಹಾಕಿದರು. "ಬೀಜಾ ತಾ," ಅಂದರು ನೀಲಗಂಗವ್ವ.

ಗುಡ್ಡಪ್ಪ ಬರಿಗೈಯಲ್ಲಿ ಬಂದ. ಹಾಲವ್ವ ಅವನ ಎರಡೂ ಅಂಗೈ ತಿರುವಿ ನೋಡಿದಳು.

"ಎಲ್ಲಿಟ್ಟೀಯೋ?"

ಅವನು ನಕ್ಕು ಹೊಟ್ಟೆ ತಟ್ಟಿದ. "ಇಲ್ಲೈತವ್ವಾ! ನುಂಗೇನಿ! ಇಲಿಗೂ ಸಿಗಂಗಿಲ್ಲ, ಗಿಳಿಗೂ ಸಿಗಂಗಿಲ್ಲ!"

ಯಾರಾದರೂ ಹಿಡಿಯುವ ಮೊದಲೇ ಆರಡಿ ಗುಡ್ಡಪ್ಪ ಹೋಗಿ, ಅಕ್ಕಿ ಕೊಬ್ಬರಿ ಸಮೇತ, ಮದುಮಗಳ ಉಡಿಯಲ್ಲಿ ಕೂತುಬಿಟ್ಟ.

"ತುಂಬಿತೇನ್ರೀ?" ಅಂದ.

ಹಾಲವ್ವ ನೀಲಗಂಗವ್ವನ ಮುಖ ನೋಡಲಿಲ್ಲ. ಹಿಂದಿನ ಕೋಣೆಗೆ ಹೋಗಿ ಚಾಪೆ ಸುತ್ತತೊಡಗಿದಳು.