ಸೊಸೆಯ ಭುಜ, ಹಕೀಮನ ಪ್ರಶ್ನೆ

"ಬುದ್ಧಿ, ನೋವಿರುವವರು ನೋವಿಲ್ಲ ಎಂದು ಏಕೆ ಹೇಳುತ್ತಾರೆ?" ಎಂದು ಶಿಷ್ಯ ಮಡಿವಾಳಯ್ಯ ಕೇಳಿದ. ಮಠಕ್ಕೆ ಬರುವ ರೋಗಿಗಳನ್ನು ವಿಚಾರಿಸಿ ಔಷಧಿ ಕೊಡುವ ಕೆಲಸ ಅವನದು. ಒಳಗೆ ವಿಚಾರಿಸಿದಾಗ ಚೆನ್ನಾಗಿದ್ದೇವೆ ಎನ್ನುವವರೇ ಹೊರಗೆ ಜಗುಲಿಯ ಮೇಲೆ ಕೂತು ನರಳುತ್ತಾರೆ, ಇದು ಸುಳ್ಳಲ್ಲದೆ ಮತ್ತೇನು ಎಂಬುದು ಅವನ ದೂರು.

ಗುರುಗಳು ಕತೆ ಹೇಳಿದರು.

ತುರ್ಕಿ ದೇಶದ ಒಂದು ಊರಿನಲ್ಲಿ ಒಬ್ಬ ಹಕೀಮನಿದ್ದ. ಭುಜದ ನೋವಿಗೆ ಅವನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂಬ ಹೆಸರು. ಪರಹೆಂಗಸಿನ ಮೈ ಮುಟ್ಟಿ ನೋಡುವ ವಾಡಿಕೆ ಆ ಊರಲ್ಲಿ ಇರಲಿಲ್ಲ. ಪರದೆಯ ಆಚೆ ಅವರು, ಈಚೆ ಇವನು. ಪ್ರಶ್ನೆ ಕೇಳಿಯೇ ಕಾಯಿಲೆ ಹಿಡಿಯಬೇಕು. ಆ ಪ್ರಶ್ನೆಗಳಾದರೂ ಅವನ ಸ್ವಂತದವಲ್ಲ. ಕಡಲಾಚೆಯ ದೇಶದ ದೊಡ್ಡ ವೈದ್ಯರು ತಮ್ಮ ಜನಕ್ಕೆಂದು ಕಟ್ಟಿದ್ದವು. ಅವನ್ನು ತರಿಸಿ, ಪಂಡಿತನೊಬ್ಬನಿಂದ ತುರ್ಕಿ ಮಾತಿಗೆ ತಿರುಗಿಸಿಕೊಂಡಿದ್ದ. ಪಂಡಿತನೇನು ಸಾಮಾನ್ಯನೇ? ತಾನು ತಿರುಗಿಸಿದ್ದನ್ನು ಇನ್ನೊಬ್ಬನಿಂದ ಮೂಲದ ಮಾತಿಗೆ ಮರಳಿ ತಿರುಗಿಸಿ, ತಾಳೆ ನೋಡಿ, ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಮೀಸೆ ತಿರುವಿದ. ಸಂತೆಯಲ್ಲಿ ತಕ್ಕಡಿ ಕೊಳ್ಳುವವಳು ಕೂಡ ಗೊತ್ತಿರುವ ತೂಕವೊಂದನ್ನು ಇಟ್ಟು ನೋಡಿ ಕೊಳ್ಳುತ್ತಾಳೆ. ಈ ಪ್ರಶ್ನೆಗಳು ಈ ಊರ ನೋವನ್ನು ತೂಗುತ್ತವೆಯೇ ಎಂದು ಮಾತ್ರ ಯಾರೂ ನೋಡಲಿಲ್ಲ. ಮಾತು ಇಂಪಾಗಿತ್ತು. ಅಷ್ಟಕ್ಕೇ ಎಲ್ಲರೂ ತಲೆದೂಗಿದರು.

ಅದೇ ಊರಲ್ಲಿ ಒಬ್ಬಳು ಸೊಸೆ. ಚಳಿ ಹಿಡಿಯುವ ಮೊದಲು ಅಲ್ಲಿಯ ಹೆಂಗಸರು ಒಬ್ಬರ ಮನೆಗೊಬ್ಬರು ಹೋಗಿ, ಸುತ್ತ ಕೂತು, ಇಡೀ ಚಳಿಗಾಲಕ್ಕೆ ಆಗುವಷ್ಟು ತೆಳ್ಳನೆಯ ರೊಟ್ಟಿ ಲಟ್ಟಿಸಿ ಒಟ್ಟುತ್ತಾರೆ. ಇವತ್ತು ನಿನ್ನ ಮನೆ, ನಾಳೆ ನನ್ನ ಮನೆ. ಬಾರದವಳ ಮನೆಗೆ ಯಾರೂ ಹೋಗುವುದಿಲ್ಲ. ಆ ವರ್ಷ ಸೊಸೆಯ ಬಲಭುಜ ಕೈಕೊಟ್ಟು, ಲಟ್ಟಣಿಗೆ ಅರ್ಧಕ್ಕೇ ನಿಂತಿತು. ಅತ್ತೆ ಎಂಬುವಳು ಸುಮ್ಮನಿರುವ ಜೀವವೇ? ಉಣ್ಣುವಾಗ ಆಡುವ ಕೈ ಲಟ್ಟಿಸುವಾಗ ಮಾತ್ರ ಕೀಲು ಕಳಚಿಕೊಳ್ಳುತ್ತದೆ ನೋಡಿ ಎಂದು ಓಣಿಯಲ್ಲಿ ಸಾರಿದಳು. ಓಣಿಗೂ ಅದೇ ಬೇಕಿತ್ತು. ಒಬ್ಬಳು ಮೈಗಳ್ಳಿ ಎಂದಳು. ಇನ್ನೊಬ್ಬಳು ತವರಿಗೆ ಓಡುವ ಹುನ್ನಾರ ಎಂದಳು. ಮತ್ತೊಬ್ಬಳಂತೂ, ಉಣ್ಣೆ ಹಿಂಜುವವನು ಆ ಬಾಗಿಲ ಮುಂದೆ ಬೇಕೆಂದೇ ಕೆಮ್ಮಿದ್ದನ್ನು ಕಿವಿಯಾರೆ ಕೇಳಿದ್ದೇನೆ ಎಂದು, ಅವನ ಕೆಮ್ಮಿಗೂ ಇವಳ ಭುಜಕ್ಕೂ ಗಂಟು ಹಾಕಿಯೇ ಬಿಟ್ಟಳು.

ಗಂಡನಿಗೆ ತಾಯಿಯನ್ನು ನಂಬುವುದೋ ಹೆಂಡತಿಯನ್ನು ನಂಬುವುದೋ ತಿಳಿಯಲಿಲ್ಲ. ಹಕೀಮ ಹೇಳಿದ್ದೇ ಕೊನೆಯ ಮಾತು ಎಂದ. ನೋವು ನಿಜವಾದರೆ ಅವಳ ಕೈಗೆ ಬಿಡುವು. ಸುಳ್ಳಾದರೆ ಹಿಟ್ಟಿನ ಮುಂದೆ ಕೂರಬೇಕು, ಮರುಮಾತಿಲ್ಲ.

ಹಕೀಮ ಪರದೆಯ ಈಚೆ ಕೂತು ಕೇಳಿದ. ಸ್ನಾನ ಮಾಡುವಾಗ ನಿನ್ನ ಬೆನ್ನು ಉಜ್ಜಿಕೊಳ್ಳಲು ತೊಂದರೆಯೇ? ಅವಳು ಇಲ್ಲ ಎಂದಳು. ಆ ಊರಿನವರೆಲ್ಲ ಊರ ಸ್ನಾನದ ಮನೆಗೆ ಹೋಗುವವರು. ಬೆನ್ನು ಉಜ್ಜಲೆಂದೇ ಅಲ್ಲಿ ಆಳುಗಳಿದ್ದಾರೆ. ತಲೆಗಿಂತ ಎತ್ತರದ ಹಲಗೆಯಿಂದ ಪಾತ್ರೆ ಇಳಿಸಲು ತೊಂದರೆಯೇ? ಇಲ್ಲ. ಅವಳ ಪಾತ್ರೆಗಳೆಲ್ಲ ನೆಲದ ಮೇಲೆ. ಚೆಂಡು ಎಸೆಯಲು? ಪರದೆಯ ಆಚೆ ಅವಳಿಗೆ ನಗು ಬಂದಿರಬೇಕು. ಮಕ್ಕಳ ತಾಯಿ ಚೆಂಡನ್ನು ಎಲ್ಲಿ ಎಸೆದಾಳು? ಇಲ್ಲ ಎಂದಳು. ನೋಯುವ ಮಗ್ಗುಲಿಗೆ ಮಲಗಿದಾಗ ನಿದ್ದೆ ಕೆಡುತ್ತದೆಯೇ? ಆ ಮಗ್ಗುಲಿಗೆ ಅವಳು ಮಲಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅದಕ್ಕೂ ಇಲ್ಲ. ಕೊನೆಗೆ, ಒಟ್ಟಿನಲ್ಲಿ ಹೇಗಿದ್ದೀಯಮ್ಮ ಎಂದು ಕೇಳಿದ. ಹೇಗಿದ್ದೀ ಎಂದು ಕೇಳಿದರೆ ಮೊದಲು ದೇವರನ್ನು ನೆನೆಯುವುದು ಆ ಜನರ ನಡೆ. ಹಾಸಿಗೆ ಹಿಡಿದವನೂ ಹಾಗೆಯೇ ಹೇಳುತ್ತಾನೆ. ದೇವರ ದಯೆ, ಚೆನ್ನಾಗಿದ್ದೇನೆ ಎಂದಳು.

ಹಕೀಮನ ಮನಸ್ಸು ಒಂದು ಗಳಿಗೆ ಅಳುಕಿತು. ಚೆನ್ನಾಗಿದ್ದರೆ ಈಕೆ ಇಲ್ಲಿಗೆ ಬಂದದ್ದೇಕೆ ಅನ್ನಿಸಿತು. ಇನ್ನೊಂದು ಮಾತು ಕೇಳಲು ಬಾಯಿ ತೆರೆದ. ಆದರೆ ಪ್ರಶ್ನೆಗಳು ದೊಡ್ಡವರು ಕಟ್ಟಿದವು, ಪಂಡಿತ ತಾಳೆ ನೋಡಿದವು. ನಡುವೆ ತನ್ನದೊಂದು ಸೇರಿಸಿದರೆ ಅಳತೆ ಕೆಟ್ಟೀತು ಎಂದು ಬಾಯಿ ಮುಚ್ಚಿದ. ಭುಜ ನೆಟ್ಟಗಿದೆ ಎಂದು ಹೊರಗೆ ಕಾದಿದ್ದ ಅತ್ತೆಗೆ ತಿಳಿಸಿದ.

ಅತ್ತೆಗೆ ಹಾಲು ಕುಡಿದಷ್ಟು ಸಂತೋಷ. ಆ ಸಲದ ರೊಟ್ಟಿಯನ್ನೆಲ್ಲ ಸೊಸೆಯ ಕೈಯಿಂದಲೇ ಲಟ್ಟಿಸಿದಳು. ಸೊಸೆ ತುಟಿ ಕಚ್ಚಿದಳೇ ಹೊರತು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಉಣ್ಣೆಯವನ ಕೆಮ್ಮು ಸಿದ್ಧವಾಗಿಯೇ ಇತ್ತು.

ಚಳಿ ಕಳೆದ ಮೇಲೆ ಊರಲ್ಲಿ ಒಂದು ಸಾವಾಯಿತು. ಸತ್ತವರ ಮನೆಯ ಅಂಗಳದಲ್ಲಿ ಎಲ್ಲರೂ ಪ್ರಾರ್ಥನೆಗೆ ಕೈ ಎತ್ತಿದರು. ಹಕೀಮನೂ ಎತ್ತಿದ. ಹೆಂಗಸರ ಸಾಲಿನಲ್ಲಿ ಆ ಅತ್ತೆ ಕೂತಿದ್ದಳು. ಅವಳ ಪಕ್ಕದವಳು ಎಡಗೈಯಿಂದ ಬಲಮೊಳಕೈಯನ್ನು ಹಿಡಿದೆತ್ತಿ, ಎರಡೂ ಅಂಗೈಗಳನ್ನು ದೇವರ ಕಡೆ ತೆರೆಯಲು ನೋಡುತ್ತಿದ್ದಳು. ಎಡಗೈ ಬಿಟ್ಟ ಕೂಡಲೇ ಬಲಗೈ ಮಡಿಲಿಗೆ ಬೀಳುತ್ತಿತ್ತು. ಅವಳು ಮತ್ತೆ ಎತ್ತುತ್ತಿದ್ದಳು. ಪರದೆಯ ಆಚೆ ಇದ್ದ ಸೊಸೆ ಇವಳೇ ಎಂದು ಹೊಳೆದು ಹಕೀಮನಿಗೆ ಪ್ರಾರ್ಥನೆ ಮರೆತುಹೋಯಿತು.

ಜನ ಏಳುತ್ತಿದ್ದ ಹಾಗೆಯೇ ಅವನು ವಾಡಿಕೆ ಬಿಟ್ಟು ಅವಳ ಮುಂದೆ ಹೋಗಿ ನಿಂತ. ಓಣಿಯ ಕಿವಿಗಳೆಲ್ಲ ಅತ್ತ ತಿರುಗಿದವು.

"ನನಗೇಕೆ ಸುಳ್ಳು ಹೇಳಿದೆ ತಾಯಿ?"

"ಸುಳ್ಳು ಹೇಳಲಿಲ್ಲ ಹಕೀಮರೇ. ನಿಮ್ಮ ಪ್ರಶ್ನೆಯೊಳಗೆ ಒಬ್ಬ ಹೆಂಗಸಿದ್ದಳು. ತನ್ನ ಬೆನ್ನನ್ನು ತಾನೇ ಉಜ್ಜಿಕೊಳ್ಳುತ್ತಿದ್ದಳು, ಚೆಂಡು ಎಸೆಯುತ್ತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಯಾರೋ ದೊಡ್ಡವರ ಮನೆಯವಳಿರಬೇಕು ಎಂದುಕೊಂಡೆ."

ಅಂದಿನಿಂದ ಹಕೀಮ ಲಟ್ಟಣಿಗೆ ಆಡಿಸುವುದನ್ನು ಕೇಳಿದ, ಮಗುವಿನ ತಲೆ ಬಾಚುವುದನ್ನು ಕೇಳಿದ, ಪ್ರಾರ್ಥನೆಗೆ ಕೈ ಏಳುತ್ತದೆಯೇ ಎಂದು ಕೇಳಿದ. ಆಮೇಲೆ ಬಂದವರಿಗೆ ಗುಣವಾಯಿತು. ಈ ಸೊಸೆಯ ತೋಳಿಗೂ ಕಾಸಿದ ಎಣ್ಣೆ ಹಚ್ಚಿಸಿದ, ಶಾಖ ಕೊಡಿಸಿದ, ಪಟ್ಟು ಹಾಕಿಸಿದ. ತೋಳು ಏಳಲಿಲ್ಲ. ಓಣಿಯವರು ಅಯ್ಯೋ ಪಾಪ ಎಂದರು. ಬಾಯಿಗಳು ಮಾತ್ರ ಅವೇ.

ಮಡಿವಾಳಯ್ಯ ಕೇಳಿದ: "ಹಾಗಾದರೆ ಬುದ್ಧಿ, ತಪ್ಪು ಯಾರದು? ಪ್ರಶ್ನೆ ಕಟ್ಟಿದವರದೋ, ತಿರುಗಿಸಿದ ಪಂಡಿತನದೋ, ಕೇಳಿದ ಹಕೀಮನದೋ?"

ಗುರುಗಳೆಂದರು: "ತಪ್ಪನ್ನು ಎಷ್ಟು ಜನಕ್ಕೆ ಬೇಕಾದರೂ ಹಂಚಪ್ಪ, ತೋಳು ಅವಳೊಬ್ಬಳದೇ."