ಮೂಡಣ ಬಾಗಿಲಿನ ಪ್ರಧಾನಾಲಯ

ನಮ್ಮ ಹೊನ್ನಗಟ್ಟದ ಮಂಗಳವಾರ್ತಾ ಮಾತೆಯ ದೊಡ್ಡ ಚರ್ಚಿಗೆ, ಆ ಪ್ರಧಾನಾಲಯಕ್ಕೆ, ಇರುವಂಥ ಕಮಾನು, ಅಂಥ ಜೋಡಿ ಗೋಪುರ ಈ ಸೀಮೆಯಲ್ಲಿ ಇನ್ನೊಂದಿದ್ದರೆ ಯಾರಾದರೂ ತೋರಿಸಲಿ. ಆದರೆ ಅದು ಏಳುವಾಗ ಪೂಜ್ಯ ಇನ್ನಾಸಪ್ಪ ಸ್ವಾಮಿಗಳು ವಾಸವಿದ್ದುದು ಸುಣ್ಣದ ಗೂಡಿನ ಪಕ್ಕದ ಹುಲ್ಲು ಜೋಪಡಿಯಲ್ಲಿ. ಅಲ್ಲೇ ಬಲಿಪೂಜೆ ಅರ್ಪಿಸಿ, ಬಳಿಕ ಗಾರೆ ಅರೆಯುವ ಎತ್ತುಗಳನ್ನು ತಾವೇ ಹೊಡೆಯುತ್ತಿದ್ದರು.

ಮೇಸ್ತ್ರಿ ಚೌರಪ್ಪನಿಗೆ ಇದೆಲ್ಲ ತಮಾಷೆ. ಅವನ ಅಪ್ಪ, ತಾತ ಗುಡಿ ಕಟ್ಟಿದವರು. ಅವನು ಜ್ಞಾನಸ್ನಾನ ಪಡೆದದ್ದು ಮೊನ್ನೆ ಮೊನ್ನೆ. "ಸ್ವಾಮ್ಯೋರೇ, ಜಪಸರ ನಿಮ್ದು, ಕಲ್ಲು ನಂದು. ಆನೆ ಬಂದು ಗುದ್ದಿದ್ರೂ ಆನೆ ತಲೇನೇ ಒಡೀಬೇಕು!" ಎನ್ನುತ್ತಿದ್ದ.

ಗೋಡೆ ಆಳೆತ್ತರ ಎದ್ದಿತ್ತು. ಬಿಷಪ್ಪರ ಕಡೆಯಿಂದ ಕೆಲಸ ನೋಡಲು ಬಂದ ಲಿಯೋ ಸ್ವಾಮಿಗಳು ದಿಕ್ಸೂಚಿ ತೆಗೆದವರೇ ಬೆಚ್ಚಿಬಿದ್ದರು.

"ಪೂಜೆಯ ಪೀಠ ಪಶ್ಚಿಮಕ್ಕಿದೆಯಲ್ಲ! ಗುರುಗಳು ನಿಯಮದಂತೆ ಪೂರ್ವಕ್ಕೆ ಮುಖ ಮಾಡಿ ಪೂಜೆ ಅರ್ಪಿಸುವುದು ಹೇಗೆ?"

"ದೇವರ ಮನೆ ಬಾಗಿಲು ಪೂರ್ವಕ್ಕಲ್ದೆ ಇನ್ನೆಲ್ಲಿಗಿಡ್ತಾರೆ?" ಎಂದ ಚೌರಪ್ಪ.

"ಕೆಡವಿಸಿ," ಎಂದರು ಲಿಯೋ ಸ್ವಾಮಿಗಳು.

ಇಡೀ ಕೇರಿ ಹೊತ್ತು ತಂದ ಕಲ್ಲು. ಚೌರಪ್ಪ ತನ್ನನ್ನೇ ಕೇಳಿಕೊಂಡ: ಇದು ತಪ್ಪೆಂದರೆ ಅಪ್ಪ, ತಾತ ಕಲಿಸಿದ್ದೆಲ್ಲ ಏನು? ಉಳಿ, ಸುತ್ತಿಗೆ ಗಂಟುಕಟ್ಟಿ, ಊರು ಬಿಡುವ ಮುನ್ನ ಇನ್ನಾಸಪ್ಪ ಸ್ವಾಮಿಗಳ ಜೋಪಡಿಗೆ ನುಗ್ಗಿದ.

"ದಿನಾ ಇಲ್ಲೇ ಇದ್ರಲ್ಲ ಸ್ವಾಮ್ಯೋರೇ, ಒಂದು ಮಾತು ಹೇಳ್ಬಾರ್ದಿತ್ತಾ?"

"ಮೊದಲ ದಿನವೇ ಹೇಳಿದ್ದೆ, ಚೌರಪ್ಪ. ನೀನು ಮಾತಾಡುತ್ತಿದ್ದೆ."

"ನಾಳೆ ಭಾನುವಾರ. ಪೂಜೆ ಗೋಡೆಗಳ ನಡುವೆ. ನೋಡಿ ಹೋಗು," ಎಂದರು ಸ್ವಾಮಿಗಳು.

ಮುಂಜಾನೆ ಜನ ಬಂದು ನೋಡಿದರೆ ಪೀಠದ ಕಲ್ಲು ಪಶ್ಚಿಮದ ಗೋಡೆಯಿಂದ ಮುಂದಕ್ಕೆ ಸರಿದಿತ್ತು. ಸ್ವಾಮಿಗಳು ಅದರ ಹಿಂದೆ, ಗೋಡೆಯ ಕಡೆ, ಜನರಿಗೆ ಎದುರಾಗಿ ನಿಂತಿದ್ದರು! ಪೂಜೆಯಲ್ಲಿ ಗುರುಗಳ ಬೆನ್ನನ್ನಲ್ಲದೆ ಮುಖವನ್ನು ಆ ಊರಿನವರು ಕಂಡಿರಲಿಲ್ಲ. ಕೆಲವರು ಗಾಬರಿಯಿಂದ ಬಾಗಿಲ ಕಡೆಗೇ ತಿರುಗಿ ಮೊಣಕಾಲೂರಿದರು.

"ಸ್ವಾಮ್ಯೋರು ತಪ್ಪಿ ನಿಂತವ್ರೇನೇ?" ಪಿಸುಗುಟ್ಟಿದಳು ಬಿಯಾತ್ರಿಸಮ್ಮ.

"ಸುಮ್ಕಿರೇ, ನಾವೇ ತಪ್ಪಿ ಕೂತಿರ್ಬೇಕು," ಎಂದಳು ಪಕ್ಕದವಳು.

ಚೌರಪ್ಪನೂ ಅತ್ತ ತಿರುಗಿದ, ಇತ್ತ ತಿರುಗಿದ. ಸ್ವಾಮಿಗಳು ಪರಮಪ್ರಸಾದವನ್ನು ಎತ್ತಿದ ಗಳಿಗೆಯಲ್ಲೇ ಸೂರ್ಯ ಬಾಗಿಲ ನಡುವೆ ಬಂದ. ಬಿಸಿಲು ಎಲ್ಲರ ತಲೆಯ ಮೇಲಿಂದ ಹರಿದು ಆ ಎರಡು ಕೈಗಳಲ್ಲಿ ನಿಂತಿತು.

ಪೂಜೆ ಮುಗಿದ ಮೇಲೆ ಲಿಯೋ ಸ್ವಾಮಿಗಳು ತಡವರಿಸುತ್ತ ಕೇಳಿದರು: "ಆದರೆ... ನಿಯಮ?"

"ಪೂರ್ವಕ್ಕೇ ನಿಂತಿದ್ದೆ. ಜನ ನಡುವೆ ಇದ್ದರು, ಅಷ್ಟೇ."

ಲಿಯೋ ಸ್ವಾಮಿಗಳು ರೋಮಿನ ಹಳೆಯ ದೇವಾಲಯಗಳಲ್ಲಿಯೂ ಹೀಗುಂಟೆಂದು ಗೊಣಗಿ, ದಿಕ್ಸೂಚಿಯನ್ನು ಜೇಬಿಗಿಳಿಸಿದರು. ಗೋಡೆ ಉಳಿಯಿತು.

ಚೌರಪ್ಪ ಓಡಿಬಂದು ಕಾಲಿಗೆ ಬಿದ್ದ. "ಹಂಗಾದ್ರೆ ನಾನು ಮಾಡಿದ್ದು ಸರಿ, ಅಲ್ವಾ?"

"ತಪ್ಪು," ಎಂದು ಸ್ವಾಮಿಗಳು ಅವನ ತಲೆ ನೇವರಿಸಿ ನಡೆದುಬಿಟ್ಟರು.

ತಪ್ಪೆಂದವರೇ ಅದನ್ನು ಉಳಿಸಿಕೊಟ್ಟದ್ದೇಕೆ ಎಂಬುದು ಅವನಿಗೆ ಸಾಯುವವರೆಗೂ ಬಗೆಹರಿಯಲಿಲ್ಲವಂತೆ. ಆದರೆ ಮರುದಿನ ಮೊದಲ ಕಲ್ಲಿಡುವ ಮುನ್ನ, ಆ ಜಂಬದ ಮೇಸ್ತ್ರಿ ಬಾಂಡ್ಲಿ ಹೊತ್ತು ನಿಂತಿದ್ದ ಕೂಲಿ ಹೆಂಗಸಿನತ್ತ ತಿರುಗಿದ.

"ಇಲ್ಲಿ ಒಸಿ ನೋಡವ್ವಾ. ಸರಿ ಕಾಣ್ತದಾ?"

ಕೇಳಿ, ಅವಳು ಉತ್ತರಿಸುವವರೆಗೂ ಕಲ್ಲನ್ನು ಎತ್ತಿಕೊಂಡೇ ನಿಂತಿದ್ದ.