ಚಂಪಾಳ ಹೊರದೇಶದ ಓದಿಗೆ ಕೊಟ್ರೇಶಿ ಏಜೆಂಟನನ್ನು ಹುಡುಕಿದ್ದು

ಬನ್ನಿ, ಹತ್ತಿರ ಬನ್ನಿ! ನಗೋರೆಲ್ಲ ಮುಂದೆ ಕೂತ್ಕೊಳ್ಳಿ, ನಗಲಾರದೋರು ಹಿಂದೆ! ದಾವಣಗೆರೆ ಕೊಟ್ರೇಶಿ ಕತೆ ಇದು.

ಕೊಟ್ರೇಶಿ ಅವ್ವ ಹಾಲಮ್ಮ. ಮನೆ ಮುಂದೇನೇ ಅವಳ ಮಂಡಕ್ಕಿ-ಮಿರ್ಚಿ ಅಂಗಡಿ. ಗಂಡ ಇಲ್ಲ, ಮಕ್ಕಳು ಇಬ್ಬರು. ಕಿರಿಯವಳು ಚಂಪಾ, ಬಲು ಚುರುಕು. ಹಿರಿಯವನು ಕೊಟ್ರೇಶಿ. ಅವನೋ, ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು!

ಒಂದಿನ ಅವ್ವ ಅಂದಳು, "ಕೊಟ್ರೇಶಿ, ಅಂಗಡಿ ನೋಡ್ತಿರೋ, ಈಗ ಬಂದೆ." ಕೊಟ್ರೇಶಿ ಎದುರಿಗೆ ಕೂತ, ಕಣ್ಣು ಅಗಲಿಸಿ ನೋಡಿದ. ದನ ಬಂತು, ನೋಡಿದ. ಮಂಡಕ್ಕಿ ಚೀಲಕ್ಕೆ ಬಾಯಿ ಹಾಕಿತು, ನೋಡಿದ. ಚೀಲ ಖಾಲಿಯಾಯ್ತು, ಅದನ್ನೂ ನೋಡಿದ!

"ಅಯ್ಯೋ, ಓಡಿಸಬಾರದೇನೋ!"

"ನೋಡು ಅಂದೆಯಲ್ಲವ್ವ, ಓಡಿಸು ಅಂದೆಯಾ?"

ಹಾಲಮ್ಮ ಹಣೆ ಹಣೆ ಬಡ್ಕೊಂಡಳು.

ಹಿಂಗಿರೋವಾಗ ಚಂಪಾಳ ಡಿಗ್ರಿ ಮುಗೀತು. ಅವಳಿಗೆ ಹಾಲು, ಬೆಣ್ಣೆ, ಚೀಸಿನ ಶಾಸ್ತ್ರ ಓದೋ ಹುಚ್ಚು. ಅದೂ ಎಲ್ಲಿ? ಡೆನ್ಮಾರ್ಕಲ್ಲಿ! ಕಳಿಸಿಕೊಡೋ ಏಜೆಂಟರು ಊರಲ್ಲಿ ಬೇಕಾದಷ್ಟು. ಆದರೆ ನಂಬಿಕಸ್ತ ಯಾರು? ಹಿಂದಿನ ಬೀದಿ ಹುಡುಗಿ ಒಬ್ಬಳನ್ನ ಯಾರೋ ಏಜೆಂಟ ಭೂಮಿ ಮೇಲೇ ಇಲ್ಲದ ಕಾಲೇಜಿಗೆ ಕಳಿಸಿ, ಅವಳು ಅಳುತ್ತಾ ವಾಪಸ್ ಬಂದಿದ್ದಳು. ಹಾಲಮ್ಮನಿಗೆ ಅದೇ ಭಯ.

ಹೋಗಿ ವಿಚಾರಿಸೋಣ ಅನ್ನೋ ಹೊತ್ತಿಗೆ ಚಂಪಾಳ ಮೈತುಂಬ ಅಮ್ಮನ ಗುಳ್ಳೆ ಎದ್ದವು. ಬೇವಿನ ಸೊಪ್ಪು ಹಾಸ್ಕೊಂಡು ಮಲಗಿಬಿಟ್ಟಳು. ಅರ್ಜಿ ಹಾಕೋ ಕೊನೆ ದಿನ ಹತ್ತಿರ!

"ಫೋನ್ ಮಾಡಿ ಕೇಳ್ತೀನವ್ವ," ಅಂದಳು ಚಂಪಾ.

"ಫೋನಲ್ಲಿ ಎಲ್ಲರೂ ಸಕ್ಕರೆ ಮಾತೇ ಆಡ್ತಾರೆ. ಯಾರಾದ್ರೂ ಹೋಗಿ ನೋಡ್ಕೊಂಡು ಬರಬೇಕು." ಹಾಲಮ್ಮ ಅಂಗಡಿ ಬಿಡೋ ಹಾಗಿಲ್ಲ. ಮನೇಲಿ ಉಳಿದಿದ್ದು ಕೊಟ್ರೇಶಿ ಒಬ್ಬನೇ.

"ನಾನು ಹೋಗ್ತೀನಿ! ನಾನು ಹೋಗ್ತೀನಿ!" ಅಂತ ಕುಣಿದ ಕೊಟ್ರೇಶಿ.

"ಲೇ, ಕೇಳಿಲ್ಲಿ. ಬೋರ್ಡು ದೊಡ್ಡದಿದೆ ಅಂತ ಮರುಳಾಗಬೇಡ. ಒಳಗೆ ಏನಿದೆ ನೋಡು. ತಿಳೀತಾ?"

"ತಿಳೀತು!"

ಹೋದ. ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಆಫೀಸು. ಬೋರ್ಡಿನ ಕಡೆ ತಲೆ ಎತ್ತಲಿಲ್ಲ, ಸೀದಾ ಒಳಗೆ ನುಗ್ಗಿದ. ಬೀರು ತೆಗೆದ, ನೋಡಿದ. ಡ್ರಾ ಎಳೆದ, ನೋಡಿದ. ಸಾಹೇಬರ ಬ್ಯಾಗಿನ ಜಿಪ್ಪು ಸರಕ್ ಅಂತ ಎಳೆದ, ನೋಡಿದ. ಊಟದ ಡಬ್ಬಿ ಮುಚ್ಚಳಕ್ಕೂ ಕೈ ಹಾಕಿದ!

"ಏಯ್! ಯಾರಯ್ಯ ನೀನು? ಕಳ್ಳ! ಕಳ್ಳ!"

"ತಡೀರಿ ಸಾರ್, ಒಳಗೆ ಏನಿದೆ ನೋಡು ಅಂದಿದಾಳೆ ನಮ್ಮವ್ವ!"

ಕತ್ತಿನ ಪಟ್ಟಿ ಹಿಡಿದು ಆಚೆ ದಬ್ಬಿದರು. ಮನೆಗೆ ಬಂದ.

"ಒಳಗೆ ಏನಿತ್ತೋ?"

"ಚಿತ್ರಾನ್ನ ಇತ್ತವ್ವ! ಕಡ್ಲೆಬೀಜ ಕಡಿಮೆ!"

"ಅಯ್ಯೋ ಪೆದ್ದೇ! ಡಬ್ಬಿ ಒಳಗೆ ನೋಡ್ತಾರೇನೋ? ಅಲ್ಲಿಂದ ಹೋದವರನ್ನ ಕೇಳಬೇಕು. ಚೆನ್ನಾಗಿದೀರಾ, ಹೇಳಿದ್ದೆಲ್ಲ ಸಿಕ್ತಾ, ಅಂತ ಹೋದವರನ್ನ ಕೇಳಬೇಕು!"

"ಮೊದಲೇ ಹೇಳಬಾರದಾ!"

ಮಾರನೇ ದಿನ ಇನ್ನೊಂದು ಆಫೀಸು, ಮಹಡಿ ಮೇಲೆ. ಕೊಟ್ರೇಶಿ ಮೇಲೆ ಹತ್ತಲೇ ಇಲ್ಲ. ಮೆಟ್ಟಿಲ ಬುಡದಲ್ಲಿ ನಿಂತ. ಯಾರು ಇಳಿದು ಹೋದರೂ ಅಡ್ಡ ಹಾಕಿದ. ನೀರಿನ ಕ್ಯಾನಿನವನು ಇಳಿದ.

"ಅಣ್ಣಾ, ನೀವು ಇಲ್ಲಿಂದ ಹೋದವರಾ?"

"ಈಗ ಹೋಗ್ತಿದೀನಪ್ಪ."

"ಚೆನ್ನಾಗಿದೀರಾ? ಚಳಿ ಹೆಂಗಿದೆ?"

"ಚಳಿನಾ? ಬೆವರು ಕಿತ್ಕೊಂಡು ಸುರೀತಾ ಇದೆ!"

ಟೀ ತಂದವನು ಇಳಿದ. ಅವನನ್ನೂ ಹಿಡಿದ. "ಹೇಳಿದ್ದೆಲ್ಲ ಸಿಕ್ತಾ?" "ಎಲ್ಲಿ ಸಿಕ್ತು, ನಿನ್ನೆ ಟೀ ದುಡ್ಡೂ ಸೇರಿಸಿ ನಾಳೆ ಕೊಡ್ತೀವಿ ಅಂದ್ರು!"

ಕೊಟ್ರೇಶಿ ಓಡುತ್ತಾ ಮನೆಗೆ ಬಂದ. "ಅವ್ವಾ! ಅವ್ವಾ! ಹೋದವರನ್ನೆಲ್ಲ ಕೇಳಿದೆ! ಅಲ್ಲಿ ಚಳಿನೇ ಇಲ್ಲವಂತೆ! ಒಬ್ಬನಂತೂ ಸಂಜೆಗೇ ವಾಪಸ್ ಬರ್ತಾನಂತೆ!"

"ಸಂಜೆಗೆ ವಾಪಸ್ಸಾ? ಯಾಕೋ?"

"ಖಾಲಿ ಕ್ಯಾನು ತಗೊಂಡು ಹೋಗೋಕೆ!"

ಒಳಗಿಂದ ಚಂಪಾ ಮೈ ಕೆರೆತ ಮರೆತು ಬಿದ್ದು ಬಿದ್ದು ನಕ್ಕಳು. ಹಾಲಮ್ಮ ಮಾತ್ರ ಉರಿದುಬಿದ್ದಳು. "ಮೆಟ್ಟಿಲು ಇಳಿದವರನ್ನಲ್ಲವೋ! ನಿನ್ನ ಕೈಲಿ ವಿಚಾರಣೆ ಆಗಲ್ಲ. ಸುಮ್ಮನೆ ಎದುರಿಗೆ ಕೂತ್ಕೋ. ಅವರ ಬಾಯಿಮಾತು ನಂಬಬೇಡ. ಏನೇ ಹೇಳಿದ್ರೂ ಬರೆದು ಕೊಡಿ ಅನ್ನು!"

"ಅಷ್ಟೇನಾ! ಸುಲಭ!"

ಮತ್ತೊಂದು ಆಫೀಸು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಟೈ ಕಟ್ಟಿದ ಸಾಹೇಬ.

"ಬನ್ನಿ ಸಾರ್, ಕೂತ್ಕೊಳ್ಳಿ!"

"ಬರೆದು ಕೊಡಿ."

"ಏನನ್ನ?"

"ಬನ್ನಿ ಸಾರ್, ಕೂತ್ಕೊಳ್ಳಿ ಅಂದಿರಲ್ಲ, ಅದನ್ನ."

ಗಿರಾಕಿ ಅಲ್ಲವಾ, ನಕ್ಕು ಬರೆದು ಕೊಟ್ಟ. ಕೊಟ್ರೇಶಿ ಕೂತ.

"ಕಾಫಿ ಕುಡೀತೀರಾ?"

"ಬರೆದು ಕೊಡಿ."

ಬರೆದು ಕೊಟ್ಟ. ಕೊಟ್ರೇಶಿ ಕುಡಿದ.

"ನಿಮ್ಮ ತಂಗಿಗೆ ಸೀಟು ಗ್ಯಾರಂಟಿ! ವೀಸಾ ಗ್ಯಾರಂಟಿ! ಕೆಲಸಾನೂ ಗ್ಯಾರಂಟಿ!"

"ಬರೆದು ಕೊಡಿ."

ಸಾಹೇಬ ಟೈ ಸಡಿಲ ಮಾಡ್ಕೊಂಡ. "ಅದು... ಪೆನ್ನಲ್ಲಿ ಇಂಕು ಮುಗೀತು."

"ನಂದು ತಗೊಳ್ಳಿ!"

"ಏಯ್, ಎದ್ದು ಹೋಗಯ್ಯ!"

"ಅದನ್ನಾದ್ರೂ ಬರೆದು ಕೊಡಿ!"

ಕೊಟ್ಟರು, ಬರೆದಲ್ಲ, ಬೆನ್ನಿಗೆ! ಬೆನ್ನು ನೀವ್ಕೊಂಡು ಬಂದು ನಡೆದಿದ್ದೆಲ್ಲ ಹೇಳಿದ. ಹಾಲಮ್ಮ ಬೈಯೋಕೆ ಬಾಯಿ ತೆಗೆದಳು. ಚಂಪಾ ತಡೆದಳು.

"ಅವ್ವಾ, ತಡಿ! ಕಾಫಿ ಬರೆಯೋಕೆ ಇದ್ದ ಇಂಕು ಗ್ಯಾರಂಟಿ ಬರೆಯೋಕೆ ಇರಲಿಲ್ಲವಾ? ಅವನು ಬೇಡ! ಅಣ್ಣ ಒಳ್ಳೇದೇ ಮಾಡಿದ!"

"ನಿನ್ನಣ್ಣ ಹಿಂಗೇ ಒಳ್ಳೇದು ಮಾಡ್ತಾ ಇದ್ರೆ ಕೊನೆ ದಿನ ದಾಟಿಹೋಗುತ್ತೆ ಕಣೇ!"

ಚಂಪಾ ಮೊಬೈಲಲ್ಲಿ ಎಲ್ಲೆಲ್ಲೋ ವಿಚಾರಿಸಿದಳು. ಅವಳ ಕಾಲೇಜಿನಿಂದ ಐರ್ಲೆಂಡಿಗೆ ಹೋದ ಹುಡುಗಿಯೊಬ್ಬಳು ಹೇಳಿದಳು, "ಟೈಲರ್ ಅಂಗಡಿ ಪಕ್ಕ ಇಂದೂಧರಪ್ಪ ಅಂತ ಇದಾರೆ. ಬೋರ್ಡೂ ಇಲ್ಲ, ಟೈಯೂ ಇಲ್ಲ. ಆದ್ರೆ ಅವರನ್ನ ಕೇಳು."

ಹಾಲಮ್ಮ ಎರಡೂ ಕೈ ಮುಗಿದಳು. "ಕೊಟ್ರೇಶಿ, ಈ ಸಲ ಏನೂ ಕೇಳಬೇಡ, ಬಾಯೇ ಬಿಡಬೇಡ. ಕಾಲು ಹಿಡಿದಾದ್ರೂ ಅವರನ್ನ ಮನೆಗೆ ಕರ್ಕೊಂಡು ಬಾ!"

ಹೋದ! ಇಂದೂಧರಪ್ಪ ದಪ್ಪನೆ ಮನುಷ್ಯ, ಬಾಗಿಲಲ್ಲಿ ನಿಂತು ಪೇಪರ್ ಓದ್ತಿದ್ದರು. ಕೊಟ್ರೇಶಿ ಬಾಯಿ ಬಿಗಿಯಾಗಿ ಮುಚ್ಚಿದ, ಬಗ್ಗಿದ, ಬಲಗಾಲು ಹಿಡಿದ, ಎಳೆದ!

"ಅಯ್ಯಯ್ಯೋ! ಯಾರಪ್ಪ ನೀನು? ಬಿಡೋ!"

"ಮ್ಮ್! ಮ್ಮ್!"

ಇಂದೂಧರಪ್ಪ ಎಡಗಾಲಲ್ಲಿ ಕುಪ್ಪಳಿಸಿದರು. ಟೈಲರ್ ಟೇಪು ಬಿಟ್ಟು ಓಡಿಬಂದ. ಬೀದಿ ಬೀದಿಯೇ ಹಿಂದೆ ಬಂತು! ಕುಂಟುತ್ತಾ, ಕುಪ್ಪಳಿಸುತ್ತಾ, ಬೈಯುತ್ತಾ ಹಾಲಮ್ಮನ ಅಂಗಡಿ ಮುಂದೆ ಬಂದು ಧೊಪ್ಪನೆ ಕೂತರು.

ಹಾಲಮ್ಮ ನಾಚಿಕೆಯಿಂದ ಭೂಮಿಗಿಳಿದು ಹೋದಳು. "ತಪ್ಪಾಯ್ತು ಸ್ವಾಮಿ! ನನ್ನ ಮಗ ಪೆದ್ದ!"

ಇಂದೂಧರಪ್ಪ ಏದುಸಿರು ಬಿಟ್ಟು, ನೀರು ಕುಡಿದು, ಒಂದು ಮಿರ್ಚಿ ತಿಂದು, ಆಮೇಲೆ ನಕ್ಕರು. ಬಾಗಿಲ ಆಚೆಯಿಂದಲೇ ಚಂಪಾಳನ್ನ ಮಾತಾಡಿಸಿದರು. "ಏನು ಓದಬೇಕಮ್ಮ? ಯಾಕೆ ಅದೇ ಓದಬೇಕು?" ಇಷ್ಟು ದಿನದಲ್ಲಿ ಯಾರೂ ಕೇಳದ ಮಾತು! ಚಂಪಾ ಎದ್ದು ಕೂತು ಎಲ್ಲ ಹೇಳಿದಳು.

"ಈ ವರ್ಷ ಆಗಲ್ಲಮ್ಮ. ನೀನು ಇಂಗ್ಲಿಷ್ ಪರೀಕ್ಷೆ ಬರೆದಿಲ್ಲ. ಅವಸರ ಮಾಡಿದ್ರೆ ಯಾವುದೋ ಕಾಲೇಜಿಗೆ ಬೀಳ್ತೀಯ. ಮುಂದಿನ ವರ್ಷಕ್ಕೆ ತಯಾರಾಗು. ವೀಸಾ ಕೊಡೋರು ಅವರು, ನಾನಲ್ಲ, ಹಂಗಾಗಿ ಗ್ಯಾರಂಟಿ ಅನ್ನಲ್ಲ. ನಾನು ಕಳಿಸಿದ ಮಕ್ಕಳ ನಂಬರ್ ಕೊಡ್ತೀನಿ, ನಾನಿಲ್ಲದಾಗ ಅವರ ಹತ್ತಿರ ಮಾತಾಡು."

ಚಂಪಾ ಕಣ್ಣೊರೆಸಿಕೊಂಡಳು. ಆಮೇಲೆ ಕೂಗಿದಳು, "ಅವ್ವಾ, ಇವರೇ! ಇವರೇ!"

"ಆಗಲ್ಲ ಅಂತಿದಾರಲ್ಲೇ?"

"ಅದಕ್ಕೇ ಇವರೇ!"

ಹಂಗೇ ಆಯ್ತು. ಚಂಪಾ ಓದಿದಳು, ಪರೀಕ್ಷೆ ಬರೆದಳು, ಮಾರನೇ ವರ್ಷ ಸೀಟೂ ಸಿಕ್ತು, ವೀಸಾನೂ ಬಂತು! ಹಾಲಮ್ಮ ಓಣಿಗೆಲ್ಲ ಮಿರ್ಚಿ ಹಂಚಿದಳು. ತಂಗೀನ ವಿಮಾನ ಹತ್ತಿಸೋಕೆ ಅಣ್ಣ ಹೊರಟ.

"ಲೇ, ಪಾಸ್‌ಪೋರ್ಟು ಜೋಪಾನ! ಯಾರ ಕೈಗೂ ಕೊಡಬೇಡ!"

ವಿಮಾನ ನಿಲ್ದಾಣದ ಬಾಗಿಲಲ್ಲಿ ಪೊಲೀಸ್ ಕೇಳಿದ, ಕೊಡಲಿಲ್ಲ. ಚಂಪಾ ಕೇಳಿದಳು, ಕೊಡಲಿಲ್ಲ! ಎದೆಗೆ ಅವಚಿಕೊಂಡು ನಿಂತ. ಹೊತ್ತು ಆಗ್ತಾ ಇದೆ! ಚಂಪಾ ಅಳ್ತಾ ಅವ್ವನಿಗೆ ಫೋನ್ ಮಾಡಿ ಅವನ ಕಿವಿಗೆ ಹಿಡಿದಳು.

"ಕೊಡೋ ಪೆದ್ದೇ! ಕೇಳಿದವರಿಗೆ ಕೊಟ್ಟು ಮನೆಗೆ ಬಾರೋ!"

ಕೊಟ್ಟ. ಚಂಪಾ ಓಡಿದಳು, ವಿಮಾನ ಹತ್ತಿದಳು, ಹಾರಿದಳು!

ಮಾರನೇ ಬೆಳಿಗ್ಗೆ ಕೊಟ್ರೇಶಿ ಮನೆಗೆ ಬಂದ. ಮೈಮೇಲೆ ಅಂಗಿ ಇಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ.

"ಅಂಗಿ ಎಲ್ಲೋ?"

"ಅಂಗಿ ಎಲ್ಲಿ ಹೊಲಿಸಿದ್ದು ಅಂತ ಒಬ್ಬ ಕೇಳಿದ. ಕೇಳಿದ, ಕೊಟ್ಟೆ."

"ಚಪ್ಪಲಿ?"

"ಈ ಚಪ್ಪಲಿ ಯಾರದು ಅಂತ ಬಸ್ಸಲ್ಲಿ ಒಬ್ಬಮ್ಮ ಕೇಳಿದಳು. ಕೇಳಿದಳು, ಕೊಟ್ಟೆ."

"ಅಯ್ಯೋ! ಇನ್ನು ಯಾರಾದ್ರೂ ಏನಾದ್ರೂ ಕೇಳಿದ್ರೇನೋ?"

"ಬಸ್‌ಸ್ಟ್ಯಾಂಡಲ್ಲಿ ಒಬ್ಬರು ಕೇಳಿದ್ರವ್ವ, ಪಾಪ, ಮಕ್ಕಳು ಮರಿ ಕಟ್ಕೊಂಡು ನಿಂತಿದ್ರು. ನಿಮ್ಮ ಮನೆ ಯಾವುದಪ್ಪ ಅಂತ ಕೇಳಿದ್ರು."

ಹಾಲಮ್ಮ ಬಾಗಿಲ ಕಡೆ ತಿರುಗಿದಳು. ಹೊರಗೆ ಆಟೋದಿಂದ ಟ್ರಂಕು, ಹಾಸಿಗೆ, ಕೊಡಪಾನ ಒಂದೊಂದಾಗಿ ಇಳೀತಾ ಇದ್ದವು!